ಸೀಮೆಸುಣ್ಣದ ಹೊಳೆಯಲ್ಲಿ ಒಂದು ಶಾಸ್ತ್ರವಿವಾದ

ಸೀಮೆಸುಣ್ಣವೆಂಬ ಮಾತನ್ನು ಕೇಳಿದೊಡನೆಯೆ, ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯವನ್ನು ಕಳೆದವರಿಗೆ ಕರಿಹಲಗೆಯೂ ಬೆರಳಿಗಂಟುವ ಬಿಳಿಯ ಪುಡಿಯೂ ನೆನಪಿಗೆ ಬರುವುದು ಸಹಜವೇ ಆಗಿದೆ. ಸೀಮೆಯಿಂದ ಬಂದ ಸುಣ್ಣವಾದುದರಿಂದ ನಮ್ಮ ಹಿರಿಯರು ಅದಕ್ಕೆ ಈ ಹೆಸರನ್ನಿಟ್ಟರು. (ಈಗಿನ ಶಾಲೆಗಳಲ್ಲಿ ಬರೆಯುವ ಕಡ್ಡಿಯು ಬಹುಮಟ್ಟಿಗೆ ಜಿಪ್ಸಮ್ಮೇ ಹೊರತು ನಿಜವಾದ ಸೀಮೆಸುಣ್ಣವಲ್ಲವೆಂಬುದನ್ನು ಪ್ರಸಂಗವಶಾತ್ ಹೇಳಿಬಿಡುತ್ತೇವೆ.) ಇಂಗ್ಲೆಂಡಿನ ದಕ್ಷಿಣದಲ್ಲಿಯೂ ಪೂರ್ವದಲ್ಲಿಯೂ ಈ ಸುಣ್ಣದ ಕಲ್ಲೇ ಗುಡ್ಡಗಳಾಗಿ ಹಬ್ಬಿಕೊಂಡಿದೆ, ಅವುಗಳ ಬುಡದಿಂದ ಹೊರಡುವ ಹೊಳೆಗಳನ್ನು ಆಂಗ್ಲೇಯರು ಸೀಮೆಸುಣ್ಣದ ಹೊಳೆಗಳೆಂದೇ ಕರೆಯುತ್ತಾರೆ. ಆ ಹೊಳೆಗಳ ದಡದಲ್ಲಿ ಸುಮಾರು ಅರುವತ್ತು ವರ್ಷಗಳ ಕಾಲ ಬೆಳೆದ ಒಂದು ವಿವಾದದ ಚರಿತ್ರೆಯನ್ನು ವಾಚಕ ಮಹಾಶಯರ ಮುಂದಿಡುವುದು ಈ ಲೇಖನದ ಉದ್ದೇಶ. ಗಾಳದ ತುದಿಯ ಕೃತಕ ನೊಣವು ನೀರಿನ ಮೇಲೆ ತೇಲಲೇಬೇಕೋ ಅಥವಾ ನೀರಿನೊಳಕ್ಕೆ ಮುಳುಗಬಹುದೋ ಎಂಬುದೇ ಅಲ್ಲಿಯ ಪ್ರಶ್ನೆ. ನಗುವವರು ನಗಬಹುದು. ಆದರೆ ಈ ಪ್ರಶ್ನೆಯ ದೆಸೆಯಿಂದ, ಎಂಬತ್ತು ವರ್ಷ ವಯಸ್ಸಿನ ಒಬ್ಬ ಮುದುಕನು ತನ್ನ ಬಾಳಿನ ಹೊಳೆಯನ್ನು ಬಿಟ್ಟು ಹೊರಟುಹೋಗಬೇಕಾಯಿತೆಂಬುದನ್ನು ತಿಳಿದಮೇಲೆ ನಗುವು ಅಷ್ಟಾಗಿ ನಿಲ್ಲಲಾರದು.

ಮೊದಲು ಹೊಳೆಯ ಸ್ವಭಾವವನ್ನು ತಿಳಿಯಬೇಕು. ಸುಮಾರು ಹತ್ತು ಕೋಟಿ ವರ್ಷಗಳ ಹಿಂದಿನಿಂದ ಆರೂವರೆ ಕೋಟಿ ವರ್ಷಗಳ ಹಿಂದಿನವರೆಗೆ, ಬೆಚ್ಚಗಿನ ಸಮುದ್ರದಲ್ಲಿ ಬದುಕಿ ಸತ್ತ ಅತಿಸೂಕ್ಷ್ಮ ಪಾಚಿಗಳ ಚಿಪ್ಪುಗಳು ತಳದಲ್ಲಿ ಸಂಚಯಗೊಂಡು ಈ ಕಲ್ಲಾಯಿತು. ಇದು ಸ್ಪಂಜಿನಂತೆ ನೀರನ್ನು ಹೀರುವ ಕಲ್ಲು. ಚಳಿಗಾಲದ ಮಳೆಯು ಗುಡ್ಡದ ಮೇಲೆ ಹರಿದು ಹೋಗದೆ ಒಳಕ್ಕೆ ಇಳಿದು, ತಿಂಗಳುಗಟ್ಟಲೆ ಸೋಸಿಕೊಂಡು, ಕೆಳಗೆ ಬುಗ್ಗೆಯಾಗಿ ಹೊರಬೀಳುತ್ತದೆ. ಆದುದರಿಂದ ನಮ್ಮ ಮಲೆನಾಡಿನ ಹೊಳೆಗಳಂತೆ ಅವು ಆಷಾಢದಲ್ಲಿ ಕೆಂಪಾಗಿ ಉಕ್ಕುವುದೂ ಇಲ್ಲ, ವೈಶಾಖದಲ್ಲಿ ಬಂಡೆಗಳನ್ನು ತೋರುವುದೂ ಇಲ್ಲ. ಬುಗ್ಗೆಯ ನೀರು ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಹತ್ತು ಹನ್ನೊಂದು ಡಿಗ್ರಿ ಸೆಂಟಿಗ್ರೇಡಿನಷ್ಟೇ ಇರುತ್ತದೆ. ಅದರ ತಿಳಿತನವು ಎಷ್ಟೆಂದರೆ ಆಳು ಮಟ್ಟದ ನೀರಿನಲ್ಲಿ ತಳದ ಒಂದೊಂದು ಹರಳನ್ನೂ ಎಣಿಸಬಹುದು. ಸುಣ್ಣದ ಅಂಶವಿರುವುದರಿಂದ ಜಲಸಸ್ಯಗಳು ಸಮೃದ್ಧಿಯಾಗಿ ಬೆಳೆಯುತ್ತವೆ, ಸಸ್ಯಗಳಲ್ಲಿ ಹುಳುಗಳು, ಹುಳುಗಳಿಂದ ಮೀನುಗಳು. ಹ್ಯಾಂಪ್‌ಷೈರ್ ಸೀಮೆಯ ಟೆಸ್ಟ್ ಮತ್ತು ಇಚಿನ್ ಎಂಬ ಎರಡು ಹೊಳೆಗಳು ಇವುಗಳಲ್ಲಿ ಪ್ರಖ್ಯಾತವಾದುವು. ಈ ಜಾತಿಯ ಹೊಳೆಗಳು ಲೋಕದಲ್ಲೆಲ್ಲ ಸೇರಿ ಕೆಲವು ನೂರು ಮಾತ್ರವೇ ಇದ್ದು, ಅವುಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲಿಯೇ ಇವೆ. ಉಳಿದ ಕೆಲವು ಫ್ರಾನ್ಸಿನ ಉತ್ತರದಲ್ಲಿಯೂ ಡೆನ್ಮಾರ್ಕಿನಲ್ಲಿಯೂ ಉಂಟು.

ಮೀನನ್ನು ಮುಟ್ಟದ ಮನೆಗಳಲ್ಲಿಯೂ ಓದಲ್ಪಡುವ ಈ ಪತ್ರಿಕೆಯಲ್ಲಿ ಗಾಳದ ಮಾತೇಕೆ ಎಂದು ಆಕ್ಷೇಪಿಸುವವರಿಗೆ ನಾವು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನನ್ನೇ ಸಾಕ್ಷಿಯಾಗಿ ಕರೆಯುತ್ತೇವೆ. ಅವನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಗಣಿತಕ್ಕಾಗಿ ಶಕವರ್ಷ 1051ನ್ನು ಹಿಡಿದಿರುವುದರಿಂದ ಅದು ಕ್ರಿ. ಶ. 1129ರ ಸುಮಾರಿಗೆ ರಚಿತವಾಯಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅದರ ವಿನೋದವಿಂಶತಿಯಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೊಂದಿದೆ. ಹೊಳೆಯ ಮೀನು, ಸಮುದ್ರದ ಮೀನು, ಹುರುಪೆಯುಳ್ಳದ್ದು, ಇಲ್ಲದ್ದು ಎಂಬ ವಿಭಾಗ, ಯಾವುದಕ್ಕೆ ಯಾವ ಎರೆ, ಕೋಲು ಹೇಗೆ, ದಾರ ಹೇಗೆ ಎಂಬುದೆಲ್ಲವನ್ನೂ ರಾಜನು ಶಾಸ್ತ್ರಕ್ರಮದಲ್ಲಿ ಹೇಳಿದ್ದಾನೆ. ಇಂಗ್ಲೆಂಡಿನಲ್ಲಿ ಈ ವಿಷಯವಾಗಿ ಮೊದಲ ಪುಸ್ತಕವು ಅಚ್ಚಾದುದು 1496ರಲ್ಲಿ. ಅದನ್ನು ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿಯು ಬರೆದಳೆಂಬ ಪ್ರತೀತಿಯುಂಟು. ವಿಮರ್ಶಕರು ಅದನ್ನು ಒಪ್ಪುವುದಿಲ್ಲ. ಆ ಪುಸ್ತಕದಲ್ಲಿ ತಿಂಗಳಿಗೆ ತಕ್ಕಂತೆ ಕಟ್ಟತಕ್ಕ ಹನ್ನೆರಡು ಕೃತಕ ನೊಣಗಳ ಪಟ್ಟಿಯಿದೆ. ಗರಿ, ಉಣ್ಣೆ, ರೇಷ್ಮೆಗಳನ್ನು ಕೊಕ್ಕೆಗೆ ಸುತ್ತಿ ಮೀನನ್ನು ಭ್ರಮೆಗೊಳಿಸುವ ಈ ಕಲೆಯೇ ಮುಂದಿನ ಜಗಳಕ್ಕೆಲ್ಲ ಬೀಜವಾಯಿತು.

ಅನಂತರ 1653ರಲ್ಲಿ ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥವು ಪ್ರಕಟವಾಯಿತು. ಆಗ ಇಂಗ್ಲೆಂಡಿನಲ್ಲಿ ಅಂತರ್ಯುದ್ಧವು ಮುಗಿದು, ರಾಜನ ಶಿರಚ್ಛೇದವಾಗಿ ನಾಲ್ಕು ವರ್ಷಗಳಾಗಿದ್ದುವು. ಲಂಡನ್ನಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಈ ಗೃಹಸ್ಥನು ರಾಜಪಕ್ಷದವನು. ಕಾಲವು ತನಗೆ ಪ್ರತಿಕೂಲವಾದಾಗ ಹೊಳೆಯ ದಡದ ಶಾಂತಿಯನ್ನು ಕುರಿತು ಬರೆದನು. ಅವನ ಪುಸ್ತಕದಲ್ಲಿ ನಾವು ವಿಶೇಷವಾಗಿ ಗಮನಿಸತಕ್ಕದ್ದು ಇದು: ಟ್ರೌಟ್ ಮೀನಿಗೆ ಹೇಗೋ ಹಾಗೆಯೇ ಪೈಕ್, ಪರ್ಚ್, ಚಬ್, ರೋಚ್, ಡೇಸ್, ಬಾರ್ಬೆಲ್, ಹಾವುಮೀನು ಮೊದಲಾದುವುಗಳಿಗೂ ಅವನು ಪ್ರೀತಿಯಿಂದ ಸ್ಥಳ ಕೊಟ್ಟಿದ್ದಾನೆ. ಯಾರೂ ಗೌರವಿಸದ ಚಬ್ ಮೀನನ್ನು ಹೇಗೆ ಅಡಿಗೆ ಮಾಡಿದರೆ ರುಚಿಯೆಂಬುದನ್ನು ಸಾವಧಾನವಾಗಿ ವಿವರಿಸುತ್ತಾನೆ. ನೊಣದ ವಿದ್ಯೆಯಲ್ಲಿ ಅವನು ಅಷ್ಟೇನೂ ಪ್ರವೀಣನಲ್ಲ. ಆ ಕೊರತೆಯನ್ನು 1676ರ ಐದನೆಯ ಆವೃತ್ತಿಯಲ್ಲಿ ಅವನ ಸ್ನೇಹಿತನಾದ ಚಾರ್ಲ್ಸ್ ಕಾಟನ್ನನು ಎರಡನೆಯ ಭಾಗವನ್ನು ಬರೆದು ತುಂಬಿದನು. ವಾಲ್ಟನ್ನನು 1683ರ ಡಿಸೆಂಬರ್ 15ರಂದು, ತನ್ನ 90ನೆಯ ವಯಸ್ಸಿನಲ್ಲಿ, ವಿಂಚೆಸ್ಟರ್ ಪಟ್ಟಣದಲ್ಲಿ ಅಳಿಯನ ಮನೆಯಲ್ಲಿ ತೀರಿಕೊಂಡನು. ಅಲ್ಲಿಯ ಮಹಾದೇವಾಲಯದಲ್ಲಿ ಅವನ ಸಮಾಧಿಯಿದೆ. ಇಚಿನ್ ಹೊಳೆಯು ಆ ದೇವಾಲಯದ ಸಮೀಪದಲ್ಲಿಯೇ ಹರಿಯುತ್ತದೆ.

ವಾಲ್ಟನ್ನನ ಕಾಲದಲ್ಲಿ ಇಲ್ಲದ ಒಂದು ಪಂಕ್ತಿಭೇದವು 19ನೆಯ ಶತಮಾನದಲ್ಲಿ ಮೀನುಗಳೊಳಗೆ ಬಲವಾಗಿ ಬೇರೂರಿತು. ಸಾಲ್ಮನ್ ಮತ್ತು ಟ್ರೌಟುಗಳು ಕುಲೀನವೆಂತಲೂ, ಮಿಕ್ಕ ಸಿಹಿನೀರಿನ ಮೀನುಗಳೆಲ್ಲ ಒರಟು ಮೀನುಗಳೆಂತಲೂ ವಿಭಾಗವಾಯಿತು. ಕುಲೀನ ಮೀನಿರುವ ಹೊಳೆಯನ್ನು ಜಮೀನ್ದಾರರೂ ಧನಿಕರ ಸಂಘಗಳೂ ಹಿಡಿದುಕೊಂಡರು. ಟೆಸ್ಟ್ ಹೊಳೆಯ ಸ್ಟಾಕ್‌ಬ್ರಿಡ್ಜ್ ಊರಿನಲ್ಲಿ 1822ರಲ್ಲಿ ಹುಟ್ಟಿದ ಹೌಟನ್ ಕ್ಲಬ್ಬು ಇವುಗಳಲ್ಲಿ ಅಗ್ರಗಣ್ಯವಾದುದು. ಒರಟು ಮೀನು ಕಾರ್ಖಾನೆಯ ಕೆಲಸಗಾರರ ಪಾಲಾಯಿತು. ಷೆಫೀಲ್ಡಿನ ಕಬ್ಬಿಣಗೆಲಸದವರೂ ಲಂಡನ್ನಿನ ಕೈಕಸಬುದಾರರೂ ರಜೆಯ ದಿನ ರೈಲು ಹತ್ತಿ, ಬೆಂಡು ಕಟ್ಟಿದ ಗಾಳವನ್ನು ಇಳಿಬಿಟ್ಟು ಹೊಳೆ ಕಾಲುವೆಗಳ ದಡದಲ್ಲಿ ಸಾಲಾಗಿ ಕುಳಿತರು. ಅವರ ಮೀನಿಗೂ ಒಂದು ರಕ್ಷಣೆ ಬೇಕೆಂದು ಷೆಫೀಲ್ಡಿನ ಪ್ರತಿನಿಧಿಯಾದ ಮಂಡೆಲ್ಲಾ ಎಂಬಾತನು ಪಾರ್ಲಿಮೆಂಟಿನಲ್ಲಿ ಪ್ರಯತ್ನಿಸಿ 1878ರಲ್ಲಿ ಕಾಯಿದೆಯೊಂದನ್ನು ಮಾಡಿಸಿದನು. ಅದರಂತೆ ಮಾರ್ಚ್ 15ರಿಂದ ಜೂನ್ 15ರವರೆಗೆ, ಅವು ಮೊಟ್ಟೆಯಿಡುವ ಕಾಲದಲ್ಲಿ, ಒರಟು ಮೀನನ್ನು ಹಿಡಿಯಕೂಡದು. ಆದರೆ ಟ್ರೌಟನ್ನು ಕಾಪಾಡಿಕೊಂಡಿರುವ ಖಾಸಗಿ ಹೊಳೆಯ ಯಜಮಾನನು ಅದೇ ಕಾಲದಲ್ಲಿ ಒರಟು ಮೀನನ್ನು ನಾಶಪಡಿಸಬಹುದೆಂದು ಅದೇ ಕಾಯಿದೆಯಲ್ಲಿ ವಿನಾಯಿತಿಯೂ ಸೇರಿತು! ಸೀಮೆಸುಣ್ಣದ ಹೊಳೆಗಳಲ್ಲಿ ಕಾವಲುಗಾರರು ಬಲೆ ಬೀಸಿ ಪೈಕನ್ನೂ ರೋಚನ್ನೂ ಎಳೆದು ದಡಕ್ಕೆಸೆಯುವುದು ವಾರ್ಷಿಕ ಕರ್ಮವಾಯಿತು.

ಈ ವರ್ಣವ್ಯವಸ್ಥೆಯಲ್ಲಿ ಗ್ರೇಲಿಂಗ್ ಎಂಬ ಮೀನಿನ ಸ್ಥಿತಿಯು ವಿಚಿತ್ರವಾದುದು. ವಂಶದಿಂದ ಅದು ಸಾಲ್ಮನ್ ಟ್ರೌಟುಗಳ ದಾಯಾದಿ. ಬೆನ್ನಿನ ಹಿಂಭಾಗದಲ್ಲಿ ಆ ಕುಲದ ಗುರುತಾದ ಸಣ್ಣ ಮಾಂಸಲ ರೆಕ್ಕೆಯೂ ಅದಕ್ಕುಂಟು. ಮೈಯಲ್ಲಿ ಥೈಮ್ ಎಂಬ ಸೊಪ್ಪಿನ ಸುವಾಸನೆಯಿದೆಯೆಂದು ಅದರ ಲ್ಯಾಟಿನ್ ಹೆಸರೇ ಹೇಳುತ್ತದೆ. ಆದರೆ ಟ್ರೌಟು ಚಳಿಗಾಲದಲ್ಲಿ ಮೊಟ್ಟೆಯಿಟ್ಟರೆ ಇದು ಒರಟು ಮೀನುಗಳಂತೆ ವಸಂತದಲ್ಲಿ ಮೊಟ್ಟೆಯಿಡುತ್ತದೆ. ಇಷ್ಟು ಸಾಕಾಯಿತು; ಟ್ರೌಟಿನ ಆಹಾರವನ್ನು ತಿನ್ನುವ ಹೊರಗಿನವನೆಂದು ಅನೇಕ ಕಡೆ ಅದಕ್ಕೆ ಬಹಿಷ್ಕಾರವಾಯಿತು. ವಾಸ್ತವವಾಗಿ ಟೆಸ್ಟ್ ಹೊಳೆಗೆ ಅದನ್ನು 19ನೆಯ ಶತಮಾನದಲ್ಲಿ ತಂದು ಬಿಟ್ಟವರು ಮನುಷ್ಯರೇ.

ಇನ್ನು ನೊಣದ ವಿಷಯಕ್ಕೆ ಬರೋಣ. ಹಿಂದಿನವರು ಎರಡು ಮೂರು ನೊಣಗಳನ್ನು ಒಂದೇ ದಾರಕ್ಕೆ ಕಟ್ಟಿ, ಹರಿವಿಗೆ ಬಿಟ್ಟು, ನೀರಿನೊಳಗೆ ಮುಳುಗಿಸಿ ಹಿಡಿಯುತ್ತಿದ್ದರು. ನೊಣವನ್ನು ಗಾಳಿಯಲ್ಲಿ ಬೀಸಿ ಒಣಗಿಸಿ ನೀರಿನ ಮೇಲೆ ತೇಲಿಸುವ ಉಪಾಯವನ್ನು ಡೆವನ್ ಸೀಮೆಯ ಪುಲ್‌ಮನ್ ಎಂಬಾತನು 1851ರ ವೇಳೆಗಾಗಲೇ ಬರೆದಿಟ್ಟಿದ್ದನು. ಆದರೆ ಉಪಕರಣಗಳು ಸಿದ್ಧವಾಗದೆ ಕಲೆಯು ಮುಂದುವರಿಯಲಿಲ್ಲ. ಎಣ್ಣೆ ಹೀರಿಸಿದ ಭಾರವಾದ ರೇಷ್ಮೆಯ ದಾರವೂ, ಸೀಳಿದ ಬಿದಿರನ್ನು ಅಂಟಿಸಿ ಮಾಡಿದ ಚುರುಕಾದ ಕೋಲೂ ಬಂದ ಮೇಲೆ ಎದುರುಗಾಳಿಗೂ ನೊಣವನ್ನು ಹಗುರವಾಗಿ ಎಸೆಯುವುದು ಸಾಧ್ಯವಾಯಿತು. ಮತ್ತೊಂದು ಮುಖ್ಯವಾದ ಉಪಕರಣವೆಂದರೆ ಕಣ್ಣುಳ್ಳ ಸಣ್ಣ ಕೊಕ್ಕೆ. ದಾರವನ್ನು ನೇರವಾಗಿ ಅದರ ಕಣ್ಣಿಗೆ ಪೋಣಿಸಬಹುದಾದುದರಿಂದ ಒದ್ದೆಯಾದ ನೊಣವನ್ನು ಕ್ಷಣದಲ್ಲಿ ಬಿಚ್ಚಿ ಒಣಗಿದ್ದನ್ನು ಕಟ್ಟಬಹುದು. ಇದನ್ನು ರೂಢಿಗೆ ತಂದವರಲ್ಲಿ ಪ್ರಮುಖನು ಯಾರೆಂದು ತಿಳಿದರೆ ನಮ್ಮ ವಾಚಕರಲ್ಲಿ ಹಲವರು ಬೆಚ್ಚಿಬೀಳುವರು. ಕ್ಲಿಫ್ಟನ್ ಕಾಲೇಜಿನ ಗಣಿತದ ಮೇಷ್ಟರಾದ ಹೆನ್ರಿ ಸಿಂಕ್ಲೇರ್ ಹಾಲ್! ಹಾಲ್ ಮತ್ತು ನೈಟ್ ಎಂಬ ಜೋಡಿ ಹೆಸರಿನ ಬೀಜಗಣಿತವನ್ನು ನೆನೆದರೆ ಈಗಲೂ ನಿದ್ರೆಯಲ್ಲಿ ಬೆವರುವ ಹಿರಿಯರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಸಮೀಕರಣಗಳಲ್ಲಿ ನಮ್ಮನ್ನು ಸಿಕ್ಕಿಸಿದ ಆ ಮಹಾನುಭಾವನು ರಜೆಯಲ್ಲಿ ಟ್ರೌಟುಗಳನ್ನೂ ಸಿಕ್ಕಿಸುತ್ತಿದ್ದನೆಂದು ತಿಳಿದು ನಮಗೆ ಒಂದು ಬಗೆಯ ಸಮಾಧಾನವೇ ಆಯಿತು.

ಈ ಸಾಮಗ್ರಿಯನ್ನೆಲ್ಲ ಕೂಡಿಸಿ ಶಾಸ್ತ್ರವನ್ನಾಗಿ ಮಾಡಿದವನು ಫ್ರೆಡರಿಕ್ ಹಾಲ್ಫರ್ಡ್. 1844ರಲ್ಲಿ ಹುಟ್ಟಿದ ಈತನು ಬಟ್ಟೆಯ ವ್ಯಾಪಾರದ ಶ್ರೀಮಂತ ಯೆಹೂದ್ಯ ಮನೆತನದವನು. ಲಂಡನ್ನಿನ ಸೆರಗಿನಲ್ಲಿ ಹರಿಯುವ ವಾಂಡಲ್ ಎಂಬ ಸುಣ್ಣದ ಹೊಳೆಯಲ್ಲಿ 1868ರಲ್ಲಿ ತೇಲುನೊಣದ ಅಭ್ಯಾಸವನ್ನು ಮೊದಲುಮಾಡಿದನು. 1879ರಲ್ಲಿ ವಿಂಚೆಸ್ಟರಿನ ಗಾಳದ ಸಾಮಾನಿನ ಅಂಗಡಿಯೊಂದರಲ್ಲಿ ಅವನಿಗೆ ಜಾರ್ಜ್ ಸೆಲ್ವಿನ್ ಮಾರಿಯಟ್ಟನ ಪರಿಚಯವಾಯಿತು. ಮಾರಿಯಟ್ಟನು ಆ ಕಾಲದ ಅದ್ವಿತೀಯ ಗಾಳಗಾರನು. ಆದರೆ ಬರೆಯುವ ಇಚ್ಛೆಯಿಲ್ಲದವನು. ಇಬ್ಬರೂ ಟೆಸ್ಟ್ ಹೊಳೆಯ ದಡದಲ್ಲಿ ಬಿಡಾರ ಮಾಡಿ, ಹೊಳೆಯಿಂದ ಏಳುವ ಒಂದೊಂದು ನೊಣವನ್ನೂ ಹಿಡಿದು, ಸೀಸೆಯಲ್ಲಿಟ್ಟು, ಭೂತಗನ್ನಡಿಯಲ್ಲಿ ನೋಡಿ, ಅದರ ಬಣ್ಣ, ರೆಕ್ಕೆ, ಬಾಲದ ಎಳೆಗಳಿಗೆ ಸರಿಯಾಗಿ ಕೃತಕ ನೊಣಗಳನ್ನು ಕಟ್ಟಿದರು. ಇದರ ಫಲವಾಗಿ 1886ರಲ್ಲಿ ತೇಲುವ ನೊಣಗಳನ್ನು ಕಟ್ಟುವ ಕ್ರಮವನ್ನು ಕುರಿತ ಗ್ರಂಥವೂ, 1889ರಲ್ಲಿ ಅದರ ಪ್ರಯೋಗವನ್ನು ಕುರಿತ ಗ್ರಂಥವೂ ಹೊರಬಂದುವು. ಎರಡಕ್ಕೂ ಹಾಲ್ಫರ್ಡನ ಹೆಸರೊಂದೇ. ಸಹಕರ್ತೃವಾಗಿ ತನ್ನ ಹೆಸರನ್ನು ಹಾಕಲು ಮಾರಿಯಟ್ಟನು ಒಪ್ಪಲಿಲ್ಲ. ಅವನು 1896ರಲ್ಲಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡನು. ಗುರುವಿನ ವಿದ್ಯೆಯು ಬರೆಯುವ ಶಿಷ್ಯನ ಹೆಸರಿನಲ್ಲಿ ಪ್ರಸಿದ್ಧವಾಗುವುದು ಹೊಸ ಸಂಗತಿಯೇನೂ ಅಲ್ಲ. ಆದರೆ ಮಾರಿಯಟ್ಟನು ಇನ್ನೂ ಇಪ್ಪತ್ತು ವರ್ಷ ಬದುಕಿದ್ದರೆ ಶಾಸ್ತ್ರವು ಅಷ್ಟು ಬಿಗಿಯಾಗುತ್ತಿರಲಿಲ್ಲವೇನೋ ಎಂದು ನಮಗೆ ತೋರುತ್ತದೆ.

ಆ ಶಾಸ್ತ್ರದ ವಿಧಿಯು ಹೀಗೆ: ಗಾಳಗಾರನು ಮೀನಿನ ಹಿಂಬದಿಯಿಂದ, ಎಂದರೆ ಹರಿವಿಗೆ ಎದುರಾಗಿ ನಡೆಯಬೇಕು. ನೀರಿನ ಮೇಲಿನ ನೊಣವನ್ನು ನುಂಗಲು ಮೇಲೇಳುತ್ತಿರುವ ಮೀನೊಂದನ್ನು ಕಣ್ಣಾರೆ ಕಾಣಬೇಕು. ಅದು ಯಾವ ನೊಣವನ್ನು ತಿನ್ನುತ್ತಿದೆಯೆಂದು ನಿಶ್ಚಯಿಸಬೇಕು. ತತ್ಸದೃಶವಾದ ಕೃತಕ ನೊಣವನ್ನು ಅದರ ಮುಂದೆ ತೇಲಿ ಬರುವಂತೆ ಬಿಡಬೇಕು. ಮೀನು ಏಳದಿದ್ದರೆ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಕಾಯಬೇಕು. ದಿನವೆಲ್ಲ ಏಳದಿದ್ದರೆ ಬರಿಗೈಯಲ್ಲಿ ಮನೆಗೆ ಹೋಗಬೇಕು. 1913ರ ತನ್ನ ಕೊನೆಯ ಗ್ರಂಥದ ಹೊತ್ತಿಗೆ ಹಾಲ್ಫರ್ಡನು ಈ ಮಾರ್ಗದ ಅನುಯಾಯಿಗಳಲ್ಲಿಯೇ ಶುದ್ಧರು, ಅತಿಶುದ್ಧರು ಎಂಬ ತಾರತಮ್ಯವನ್ನು ಸಹ ಮಾಡಿದ್ದನು. ಇದರಲ್ಲಿ ಒಂದು ಸೊಬಗಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ, ಕಂಡ ಮೀನಿಗೆಲ್ಲ ಕೊಕ್ಕೆ ಚುಚ್ಚುವ ಲೋಭಕ್ಕೆ ಇದು ಕಡಿವಾಣವಾಯಿತು, ಕೀಟಶಾಸ್ತ್ರಕ್ಕೂ ಲಾಭವಾಯಿತು. 1890ರಲ್ಲಿ ಅಮೆರಿಕದ ಥಿಯೊಡರ್ ಗಾರ್ಡನ್ ಎಂಬಾತನು ಕಾಗದ ಬರೆದು ಕೇಳಿದಾಗ ಹಾಲ್ಫರ್ಡನು ತನ್ನ ನೊಣಗಳ ಒಂದು ಜೊತೆಯನ್ನೇ ಕಳುಹಿಸಿಕೊಟ್ಟನು. ಅಲ್ಲಿಯೂ ಸಂಪ್ರದಾಯವು ಬೆಳೆಯಿತು. ಅನಿಷ್ಟವು ಎಲ್ಲಿಂದ ಬಂತೆಂದರೆ, ಒಂದು ಹೊಳೆಯಲ್ಲಿ ಒಂದು ಬಗೆಯ ದಿನಗಳಲ್ಲಿ ಅತ್ಯುತ್ತಮವಾದ ಉಪಾಯವು ಸರ್ವದಾ ಸರ್ವರಿಗೂ ಏಕೈಕ ಧರ್ಮವೆಂದು ಪರಿಣಮಿಸಿದುದರಿಂದ. ಸಂಘಗಳು ಅದನ್ನು ನಿಯಮಾವಳಿಯಲ್ಲಿ ಬರೆದುಕೊಂಡುವು. ಹಾಲ್ಫರ್ಡನ ಗ್ರಂಥಗಳನ್ನು ಓದದವರೂ ಹಾಲ್ಫರ್ಡನ ಹೆಸರಿನಲ್ಲಿ ಶಪಿಸತೊಡಗಿದರು.

ಇದಕ್ಕೆ ಪೂರ್ವಪಕ್ಷವನ್ನೊಡ್ಡಿದವನು ಜಾರ್ಜ್ ಸ್ಕ್ಯೂಸ್. 1858ರಲ್ಲಿ ನ್ಯೂಫೌಂಡ್ಲೆಂಡಿನಲ್ಲಿ ಹುಟ್ಟಿ, ವಿಂಚೆಸ್ಟರಿನ ಶಾಲೆಯಲ್ಲಿ ಓದಿ, ಲಂಡನ್ನಿನಲ್ಲಿ ವಕೀಲಿವೃತ್ತಿಯನ್ನು ಅವಲಂಬಿಸಿದ ಬ್ರಹ್ಮಚಾರಿ. ವಿಂಚೆಸ್ಟರಿಗೆ ಅಂಟಿಕೊಂಡಿರುವ ಆಬಟ್ಸ್ ಬಾರ್ಟನ್ ಎಂಬಲ್ಲಿ ಇಚಿನ್ ಹೊಳೆಯಲ್ಲಿ ಗಾಳ ಹಾಕಲು 1883ರಲ್ಲಿ ಅವನಿಗೆ ಮೊದಲು ಅವಕಾಶ ಸಿಕ್ಕಿತು. ಮೊದಮೊದಲು ಅವನೂ ಹಾಲ್ಫರ್ಡನ ನಿಷ್ಠಾವಂತ ಶಿಷ್ಯನೇ. ಒಂದು ದಿನ ಅವನ ನೊಣವು ಸರಿಯಾಗಿ ತೇಲದೆ ಒದ್ದೆಯಾಗಿ ಮುಳುಗಿತು. ಮುಳುಗಿದ ನೊಣವನ್ನೇ ಮೀನು ಹಿಡಿಯಿತು. ಇಂಥ ಅಪರಾಧವು ಮತ್ತೆ ಮತ್ತೆ ಆದಾಗ ವಕೀಲನಾದವನು ಸುಮ್ಮನಿರಲಿಲ್ಲ. ಹಿಡಿದು ಕೊಂದ ಮೀನಿನ ಹೊಟ್ಟೆಯೊಳಕ್ಕೆ, ಎಲುಬಿನ ಮಜ್ಜೆಯನ್ನು ತೆಗೆಯುವ ಉದ್ದನೆಯ ಸೌಟನ್ನು ಇಳಿಸಿ, ಅಲ್ಲಿದ್ದುದನ್ನು ಬಿಳಿಯ ತಟ್ಟೆಯ ನೀರಿನಲ್ಲಿ ಹರಡಿ ಪರೀಕ್ಷಿಸಿದನು. ರೆಕ್ಕೆಯುಳ್ಳ ನೊಣಗಳು ಕೆಲವೇ. ಮಿಕ್ಕುವು ರೆಕ್ಕೆ ಬಾರದ ಮರಿಹುಳುಗಳು.

ಇದರ ಮರ್ಮವು ಆ ನೊಣದ ಜೀವಿತದಲ್ಲಿದೆ. ಮೇ ಫ್ಲೈ ವರ್ಗದ ಈ ಕೀಟವು ಮೊಟ್ಟೆಯಿಂದ ಹೊರಬಂದು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ಎರಡು ವರ್ಷದವರೆಗೆ, ನೀರಿನ ತಳದಲ್ಲಿ ಮರಿಹುಳುವಾಗಿ ಬದುಕುತ್ತದೆ. ಈ ಅವಸ್ಥೆಗೆ ನಿಂಫ್ ಎಂದು ಹೆಸರು. ಅನಂತರ ಮೇಲಕ್ಕೆ ಈಜಿಬಂದು, ನೀರಿನ ಮಟ್ಟದಲ್ಲಿ ಪೊರೆಯನ್ನು ಸೀಳಿ, ರೆಕ್ಕೆ ಪಡೆದು ಹಾರುತ್ತದೆ. ಇನ್ನೊಂದು ಸಾರಿ ಪೊರೆ ಕಳಚಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ರೆಕ್ಕೆ ಬಂದ ಮೇಲೆ ಅದರ ಆಯುಸ್ಸು ಕೆಲವು ಗಂಟೆಗಳು ಅಥವಾ ಒಂದೆರಡು ದಿನಗಳು; ಉಣ್ಣಲು ಬಾಯಿ ಸಹ ಕೆಲಸಮಾಡದು. ಹೀಗಿರುವಾಗ ಟ್ರೌಟು ವರ್ಷದ ಬಹುಭಾಗ ತಿನ್ನುವುದು ನೀರಿನೊಳಗಿನ ಹುಳುವನ್ನೇ ಎಂಬುದು ಸ್ಪಷ್ಟವಾಗಿದೆ. ನೀರು ಉಬ್ಬಿದಂತೆ ಕಂಡು, ಮೇಲೆ ಒಂದು ನೊಣವೂ ಕಾಣದೆ ಹಾಲ್ಫರ್ಡನ ಶಿಷ್ಯರು ಕೈಕಟ್ಟಿ ಕುಳಿತಿರುತ್ತಿದ್ದ ಗಳಿಗೆಯಲ್ಲಿ ಮೀನು ಈ ಮರಿಹುಳುಗಳನ್ನು ಮೇಯುತ್ತಿತ್ತು.

ಸ್ಕ್ಯೂಸನು 1910ರಲ್ಲಿ ಒಂದು ಸಣ್ಣ ಗ್ರಂಥವನ್ನು ಬರೆದನು. ಅದರ ಹೆಸರಿನಲ್ಲಿಯೇ ವಿನಯವಿದೆ, ಸುಣ್ಣದ ಹೊಳೆಯ ಕಿರಿಯ ಉಪಾಯಗಳೆಂದು. ತೇಲುನೊಣವನ್ನು ಅವನು ಖಂಡಿಸಲಿಲ್ಲ. ಅದೇ ಹೊಳೆಯ ಹಿರಿಯರು ಮುಳುಗುನೊಣದಿಂದಲೇ ಹಿಡಿಯುತ್ತಿದ್ದರಲ್ಲವೇ, ಆ ವಿದ್ಯೆಯನ್ನು ಸಂಪೂರ್ಣವಾಗಿ ಏಕೆ ಮರೆಯಬೇಕು, ಹರಿವಿಗೆ ಎದುರಾಗಿಯೇ ನಡೆದು, ಕಂಡ ಒಂದು ಮೀನಿಗೆ ಮಾತ್ರವೇ ಮುಳುಗುನೊಣವನ್ನು ಒಡ್ಡಿದರೆ ತಪ್ಪೇನು, ಎಂಬಷ್ಟೇ ಅವನ ವಾದ. 1921ರಲ್ಲಿ ಟ್ರೌಟಿನ ಕಣ್ಣಿಗೆ ನೊಣವು ಹೇಗೆ ಕಾಣುವುದೆಂಬುದನ್ನು ವಿಚಾರಿಸುವ ದೊಡ್ಡ ಗ್ರಂಥವನ್ನು ಬರೆದನು. ಹಾಲ್ಫರ್ಡನು 1914ರಲ್ಲಿಯೇ ತೀರಿಕೊಂಡಿದ್ದನು. ಆದರೆ ಆಚಾರ್ಯನಿಗಿಂತ ಅನುಯಾಯಿಗಳು ಉಗ್ರರೆಂಬುದು ಎಲ್ಲ ದೇಶಗಳಲ್ಲಿಯೂ ಕಂಡ ಸಂಗತಿ. ಮರಿಹುಳುವಿನ ಗಾಳದಿಂದ ಎಳೆಯ ಮೀನುಗಳು ಚುಚ್ಚಿಸಿಕೊಂಡು ಹಾಳಾಗುತ್ತವೆಂದೂ, ಹಳೆಯ ಮುಳುಗುನೊಣಕ್ಕೂ ಇದಕ್ಕೂ ಗೆರೆ ಎಳೆಯುವುದು ಅಸಾಧ್ಯವೆಂದೂ, ನೀರಿನಲ್ಲಿ ಕೊಂಕುತ್ತ ಈಜುವ ಹುಳುವನ್ನು ಕೊಕ್ಕೆಯಲ್ಲಿ ಅನುಕರಿಸಲಾಗದೆಂದೂ ಅವರ ಆಕ್ಷೇಪಗಳು. ಮೊದಲನೆಯದರಲ್ಲಿ ಸ್ವಲ್ಪ ಸತ್ಯವಿದೆ. ಅವಿವೇಕಿಯ ಕೈಯಲ್ಲಿ ಯಾವ ಗಾಳವೂ ಕ್ರೂರವೇ. ಮೂರನೆಯದು ಮಾತ್ರ ನಮಗೆ ವಿಚಿತ್ರವಾಗಿ ತೋರುತ್ತದೆ: ಅನುಕರಣವು ಅಸಾಧ್ಯವಾದರೆ ಮೀನು ಹಿಡಿದುದೇಕೆ? ಪ್ರತ್ಯಕ್ಷವು ಶಾಸ್ತ್ರಕ್ಕೆ ವಿರುದ್ಧವಾದಾಗ ನೂರು ಶ್ರುತಿಗಳಿದ್ದರೂ ಬೆಂಕಿಯು ತಣ್ಣಗಾಗದೆಂದು ನಮ್ಮ ಆಚಾರ್ಯರೇ ಒಪ್ಪಿದ್ದಾರೆ.

1938ರ ಫೆಬ್ರುವರಿಯಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಈ ವಿಷಯವಾಗಿಯೇ ಒಂದು ಚರ್ಚೆಯೇರ್ಪಟ್ಟಿತು. ಕಾಲವನ್ನು ಗಮನಿಸಬೇಕು; ಮರುತಿಂಗಳಲ್ಲಿಯೇ ಹಿಟ್ಲರನು ಆಸ್ಟ್ರಿಯವನ್ನು ನುಂಗಿದನು. ಆಗ ಸ್ಕ್ಯೂಸನಿಗೆ 79 ವರ್ಷ. ಚರ್ಚೆಯಲ್ಲಿ ಅವನ ವಿರುದ್ಧವೇ ಬಲವಾಗಿ ವಾದವಾಯಿತು. ಅಷ್ಟರಲ್ಲಿ ಆಬಟ್ಸ್ ಬಾರ್ಟನ್ನಿನಲ್ಲಿ ಅವನೊಡನೆ ಹೊಳೆಯನ್ನು ಹಂಚಿಕೊಂಡಿದ್ದ ಕೆಲವರು ಸಹ ಮರಿಹುಳುವಿನ ಪ್ರಯೋಗಕ್ಕೆ ಅಡ್ಡಿ ಹೇಳುತ್ತಿದ್ದರು. ಆ ವರ್ಷದ ಋತುವು ಮುಗಿದಾಗ ಸ್ಕ್ಯೂಸನು ಹೊಳೆಯನ್ನು ಬಿಟ್ಟುಬಿಟ್ಟನು. 1883ರಿಂದ 1938ರವರೆಗೆ ಐವತ್ತಾರು ಋತುಗಳು. ಯಾವ ಬೇರಿನ ಅಡಿಯಲ್ಲಿ ಯಾವ ಮೀನು ನಿಲ್ಲುವುದೆಂಬುದನ್ನು ಅಂಗೈಯ ರೇಖೆಯಂತೆ ಬಲ್ಲವನು, ತನ್ನ ವಿದ್ಯೆಯನ್ನೆಲ್ಲ ಕಲಿತ ನೀರಿನಿಂದಲೇ ದೂರವಾಗಿ ನ್ಯಾಡರ್ ಎಂಬ ಬೇರೊಂದು ಹೊಳೆಗೆ ಹೋದನು. ಮರುವರ್ಷ, 1939ರಲ್ಲಿ, ಸುಣ್ಣದ ಹೊಳೆಯ ಟ್ರೌಟಿಗೆ ನಿಂಫಿನ ಗಾಳವೆಂಬ ಅವನ ಗ್ರಂಥವು ಪ್ರಕಟವಾಯಿತು. ಎಂಬತ್ತು ದಾಟಿದ ಮೇಲೆ ಬಂದ ಆ ಉತ್ತರದಲ್ಲಿ ಕೂಗಾಟವಿಲ್ಲ. ಯಾವ ತಿಂಗಳಲ್ಲಿ ಯಾವ ಮರಿಹುಳು, ಅದಕ್ಕೆ ಯಾವ ರೋಮ, ಎಂಬ ವಿವರಗಳೇ ತುಂಬಿವೆ.

ಈ ವಿದ್ವಾಂಸರು ಪರಸ್ಪರ ಬರೆಯುತ್ತಿದ್ದಾಗ ಹೊಳೆಯನ್ನು ನಿಜವಾಗಿ ಬಲ್ಲವರು ಬೇರೆ ಕೆಲವರಿದ್ದರು; ಅವರು ಸಂಬಳದ ಕಾವಲುಗಾರರು. 1887ರಲ್ಲಿ ಹೌಟನ್ ಕ್ಲಬ್ಬಿನ ಕೆಲಸಕ್ಕೆ ಸೇರಿದ ವಿಲಿಯಂ ಲನ್ ಎಂಬಾತನು, ನೊಣಗಳು ಮೊಟ್ಟೆಯಿಡುವುದಕ್ಕೆ ನೀರಿನಲ್ಲಿ ಹಲಗೆಗಳನ್ನು ತೇಲಿಬಿಟ್ಟು, ತಳದ ಶತ್ರುಗಳಿಂದ ಮೊಟ್ಟೆಗಳನ್ನು ಕಾಪಾಡಿ, ನಶಿಸುತ್ತಿದ್ದ ಜಾತಿಗಳನ್ನು ಹೆಚ್ಚಿಸಿದನು. ಅವನ ಮಗನೂ ಮೊಮ್ಮಗನೂ ಅದೇ ಹೊಳೆಯನ್ನು ಕಾದರು. ವಿಲ್ಟ್‌ಷೈರಿನ ಏವನ್ ಹೊಳೆಯ ಕಾವಲುಗಾರನಾದ ಫ್ರಾಂಕ್ ಸಾಯರ್ (1906–1980) ಎಂಬವನು ಇನ್ನೂ ಮುಂದೆ ಹೋದನು. ರೇಷ್ಮೆಯ ದಾರವೇ ಇಲ್ಲದೆ, ತೆಳುವಾದ ತಾಮ್ರದ ತಂತಿಯಿಂದ ಫೆಸೆಂಟ್ ಹಕ್ಕಿಯ ಬಾಲದ ಗರಿಯೆಳೆಗಳನ್ನು ಕೊಕ್ಕೆಗೆ ಸುತ್ತಿ, ನೀರಿಗೆ ಬಿದ್ದೊಡನೆ ಮುಳುಗುವ ಮರಿಹುಳುವನ್ನು ಕಟ್ಟಿದನು. ತಂತಿಯೇ ಭಾರ, ತಂತಿಯೇ ಬಣ್ಣ. ವೃದ್ಧನಾದ ಸ್ಕ್ಯೂಸನು ಈ ಕಾವಲುಗಾರನೊಡನೆ ಪತ್ರವ್ಯವಹಾರ ಮಾಡಿ ಬರೆಯುವಂತೆ ಹುರಿದುಂಬಿಸಿದನು. ಸಾಯರನ ಗ್ರಂಥವು 1958ರಲ್ಲಿ ಹೊರಬಂತು. ಅವನ ತಂತಿಯ ಹುಳು ಇಂದು ಟ್ರೌಟಿರುವ ದೇಶಗಳಲ್ಲೆಲ್ಲ ಬಳಕೆಯಲ್ಲಿದೆ. ಟ್ರೌಟಿಗಾಗಿ ಇವನೂ ಪೈಕ್ ಮತ್ತು ಇತರ ಒರಟು ಮೀನುಗಳನ್ನು ಬಲೆಯಲ್ಲಿ ತೆಗೆದವನೇ. ಅದು ಅವನ ಉದ್ಯೋಗಧರ್ಮವಾಗಿತ್ತು.

ಸುಣ್ಣದ ಹೊಳೆಯ ಮೀನು ಸಮುದ್ರವನ್ನು ದಾಟಿದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. 1864ರ ಜನವರಿ 21ರಂದು ಲಂಡನ್ನಿನಿಂದ ಹೊರಟ ನಾರ್ಫೋಕ್ ಎಂಬ ಹಡಗಿನಲ್ಲಿ ಸಾಲ್ಮನ್ ಮೊಟ್ಟೆಗಳೊಡನೆ ಇಚಿನ್ ಮೊದಲಾದ ಹೊಳೆಗಳ ಕೆಲವು ಸಾವಿರ ಟ್ರೌಟ್ ಮೊಟ್ಟೆಗಳನ್ನು, ಒದ್ದೆಯ ಹಾವಸೆಯಲ್ಲಿ ಸುತ್ತಿ, ಮಂಜುಗಡ್ಡೆಯ ಮಧ್ಯದಲ್ಲಿಟ್ಟು ಕಳುಹಿಸಿದರು. ಭೂಮಧ್ಯರೇಖೆಯನ್ನು ದಾಟಿ ಅವು ಟಾಸ್ಮೇನಿಯವನ್ನು ಸೇರಿದುವು. ಮೇ 4ರಂದು ಮೊದಲ ಮರಿ ಹೊರಬಂತು. ಆಸ್ಟ್ರೇಲಿಯ, ನ್ಯೂಜೀಲೆಂಡುಗಳ ಟ್ರೌಟಿಗೆ ಮೂಲವು ಇದೇ. ನಮ್ಮ ನೆರೆಯ ನೀಲಗಿರಿಯಲ್ಲಿಯೂ ಫ್ರಾನ್ಸಿಸ್ ಡೇ ಎಂಬಾತನು 1860ರ ದಶಕದಲ್ಲಿ ಟ್ರೌಟನ್ನು ತರಲು ಯತ್ನಿಸಿ ವಿಫಲನಾದನು. 1907ರ ಸುಮಾರಿಗೆ ವಿಲ್ಸನ್ನನ ಶ್ರಮದಿಂದ ಅಲ್ಲಿ ನೆಲೆಸಿದುದು ಅಮೆರಿಕ ಮೂಲದ ರೇನ್‌ಬೋ ಜಾತಿಯದು.

ತಾಯಿಹೊಳೆಗಳ ಸ್ಥಿತಿಯು ಮಾತ್ರ ಅಷ್ಟು ಸುಖವಾಗಿಲ್ಲ. ಹಾಲ್ಫರ್ಡನು ವಿದ್ಯಾಭ್ಯಾಸ ಮಾಡಿದ ವಾಂಡಲ್ ಹೊಳೆಯು ಗಿರಣಿಗಳಿಂದಲೂ ಪಟ್ಟಣದ ಕೊಳೆಯಿಂದಲೂ ಕೆಟ್ಟು, 1960ರ ದಶಕದ ಹೊತ್ತಿಗೆ ಚರಂಡಿಯೆಂದೇ ಎಣಿಸಲ್ಪಡುತ್ತಿತ್ತು; ಅನೇಕರ ದುಡಿಮೆಯಿಂದ ಈಚೆಗೆ ಅಲ್ಲಿ ಮತ್ತೆ ಟ್ರೌಟು ಕಾಣಿಸಿಕೊಂಡಿದೆ. ಇತರ ಹೊಳೆಗಳಿಗೆ ಅಪಾಯವು ಎರಡು ಕಡೆಯಿಂದ ಬಂದಿದೆ. ಊರುಗಳ ಕುಡಿಯುವ ನೀರಿಗಾಗಿ ಸುಣ್ಣದ ಕಲ್ಲಿಗೇ ಕೊಳವೆಬಾವಿ ಕೊರೆದು ಎತ್ತುವುದರಿಂದ ಬುಗ್ಗೆಗಳು ಸೊರಗುತ್ತಿವೆ. ಅದೇ ಊರುಗಳ ಹೊಲಸುನೀರೂ ಹೊಲಗಳ ಗೊಬ್ಬರವೂ ಹೊಳೆಗೆ ಸೇರಿ ತಿಳಿನೀರಿನಲ್ಲಿ ಪಾಚಿ ಕಟ್ಟುತ್ತಿದೆ. ಕೊಳವೆಬಾವಿಯ ಆಟವನ್ನು ನಾವು ನಮ್ಮ ಕೋಲಾರ, ಚಿತ್ರದುರ್ಗಗಳಲ್ಲಿ ಕಂಡವರೇ. ಮರಿಹುಳುಗಳು ಕಡಮೆಯಾದ ಹೊಳೆಯಲ್ಲಿ, ತೇಲುವ ನೊಣವೂ ಇಲ್ಲ, ಮುಳುಗುವ ನೊಣವೂ ಇಲ್ಲ.

ಸ್ಕ್ಯೂಸನು 1949ರ ಆಗಸ್ಟ್ 9ರಂದು ತೀರಿಕೊಂಡನು. ವಾಲ್ಟನ್ನನಂತೆ ಅವನಿಗೂ ಆಗ 90 ವರ್ಷ. ಅವನ ಅಸ್ಥಿಭಸ್ಮವನ್ನು, ಹನ್ನೊಂದು ವರ್ಷಗಳ ಹಿಂದೆ ಅವನು ಬಿಟ್ಟುಬಂದಿದ್ದ ಆಬಟ್ಸ್ ಬಾರ್ಟನ್ನಿನಲ್ಲಿಯೇ, ಇಚಿನ್ ಹೊಳೆಯ ದಡದಲ್ಲಿ ಚೆಲ್ಲಿದರು. ಅಲ್ಲೊಂದು ಸ್ಮಾರಕಶಿಲೆಯನ್ನೂ ನಿಲ್ಲಿಸಿದ್ದಾರೆ. ವಿವಾದವು ತೀರ್ಮಾನವಾದ ಬಗೆಯು ಆಂಗ್ಲೇಯರ ಸ್ವಭಾವಕ್ಕೆ ತಕ್ಕುದಾಗಿದೆ. ಟೆಸ್ಟ್ ಮತ್ತು ಇಚಿನ್ ಹೊಳೆಗಳ ಹಲವು ಭಾಗಗಳಲ್ಲಿ ಇಂದಿಗೂ ಜೂನ್ ಮುಗಿಯುವವರೆಗೆ ತೇಲುನೊಣವೊಂದಕ್ಕೇ ಅಪ್ಪಣೆ. ಜುಲೈ 1ರಿಂದ ಹರಿವಿಗೆ ಎದುರಾಗಿ ನಿಂಫನ್ನು ಎಸೆಯಬಹುದು. ಟ್ರೌಟಿನ ಕಾಲವು ಮುಗಿದು ಚಳಿ ಬಿದ್ದಮೇಲೆ, ಹಿಂದೆ ದಡಕ್ಕೆ ಎಸೆಯಲ್ಪಡುತ್ತಿದ್ದ ಗ್ರೇಲಿಂಗ್ ಮೀನಿಗಾಗಿ ಅದೇ ಹೊಳೆಗೆ ಜನರು ಹಣ ಕೊಟ್ಟು ಬರುತ್ತಾರೆ.